ತೊಲೆ, ಜಂತೆ, ಗಿಗಾಜೂಲ್

ಕಳೆದ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಚಿಕ್ಕಮ್ಮನ ಫೋನ್ ಬಂತು. ನಾನು ಬೆಂಗಳೂರಿನ ಆಫೀಸಿನಲ್ಲಿ ಇಂಗ್ಲೆಂಡಿನ ತಂಡದ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆ. ನನ್ನ ಕೆಲಸ ಏನು ಅಂತ ಊರಲ್ಲಿ ಯಾರಿಗೂ ಸರಿಯಾಗಿ ವಿವರಿಸೋಕೆ ಆಗಿಲ್ಲ. ಒಂದು ಕಟ್ಟಡ ಏಳುವ ಮೊದಲೇ ಅದು ಎಷ್ಟು ಸಿಮೆಂಟ್, ಎಷ್ಟು ಕಬ್ಬಿಣ, ಎಷ್ಟು ಕರೆಂಟ್ ತಿನ್ನುತ್ತೆ, ಭೂಮಿಯ ಮೇಲೆ ಅದರ ಹೊರೆ ಎಷ್ಟು ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕೋದು. "ಕಟ್ಟದೇ ಇರೋ ಮನೆಗೆ ಲೆಕ್ಕ ಬರೆಯೋಳು" ಅಂತ ನಮ್ಮ ದೊಡ್ಡಪ್ಪ ತಮಾಷೆ ಮಾಡ್ತಾರೆ.

"ಹಳೇ ಮನೆ ಕೆಡವೋದು ಅಂತ ಆಗೈತೆ ಕಣವ್ವ. ನಿಮ್ಮಪ್ಪನ ಪಾಲಿಗೆ ನೀನೊಬ್ಬಳೇ ಅಲ್ವಾ, ನಿನ್ನ ಸೈನ್ ಬೇಕಂತೆ. ಬಂದು ಹಾಕಿ ಹೋಗು" ಅಂದರು ಚಿಕ್ಕಮ್ಮ. ಸರಿ ಅಂತ ಫೋನ್ ಇಟ್ಟೆ. ಪರದೆಯ ಮೇಲೆ ಇಂಗ್ಲೆಂಡಿನ ಸಹೋದ್ಯೋಗಿ ಆ ಹೊತ್ತಿಗೆ ಹೇಳ್ತಿದ್ದದ್ದು ಇದು: ಎಲ್ಲಕ್ಕಿಂತ ಕಡಿಮೆ ಹೊರೆಯ ಕಟ್ಟಡ ಅಂದರೆ, ಈಗಾಗಲೇ ನಿಂತಿರೋ ಕಟ್ಟಡ.

ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮದೊಂದು ಮಾಳಿಗೆ ಮನೆ ಇದೆ. ಊರಿನಲ್ಲಿ ಹತ್ತಿ ಗಿರಣಿಗಳು ಏಳತೊಡಗಿದ ಕಾಲದಲ್ಲಿ, ಹತ್ತಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಮುತ್ತಜ್ಜ ಕಟ್ಟಿಸಿದ್ದು. ಮುಂದೆ ಜಗುಲಿ, ಒಳಗೆ ಪಡಸಾಲೆ, ಅದರಾಚೆ ನಡುಮನೆ, ಪಕ್ಕದಲ್ಲಿ ಕೊಟ್ಟಿಗೆ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಅದರ ಮೇಲೆ ಕರ್ಲು ಮಣ್ಣಿನ ಹಾಸು. ನಡುಮನೆಯ ನೆತ್ತಿಗೆ ಒಂದು ಗವಾಕ್ಷಿ. ಮಧ್ಯಾಹ್ನ ಹನ್ನೆರಡಕ್ಕೆ ಅದರಿಂದ ಬಿಸಿಲಿನ ಕೋಲು ನೆಟ್ಟಗೆ ನೆಲಕ್ಕೆ ಇಳಿಯೋದು. ಚಿಕ್ಕವಳಿದ್ದಾಗ ಆ ಕೋಲಿನೊಳಗೆ ಕೈಯಾಡಿಸಿ ಧೂಳು ಹಿಡಿಯೋದು ನನ್ನ ಆಟ. ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ ಬೀದಿಯಿಂದ ಒಳಗೆ ಕಾಲಿಟ್ಟರೆ, ಬಾವಿ ಕಟ್ಟೆಯ ಮೇಲೆ ಕೂತಷ್ಟು ತಂಪು.

ಇಂಥ ಮನೆಯನ್ನು ಕೆಡವೋ ಕಾಗದಕ್ಕೆ ಸೈನ್ ಹಾಕೋಕೆ ಹೊರಟವಳು ರೈಲಿನಲ್ಲಿ ಒಂದು ಕೆಲಸ ಮಾಡಿದೆ. ನಮ್ಮ ಊರಿನ ತಿಂಗಳವಾರು ಉಷ್ಣಾಂಶ, ತೇವಾಂಶ, ಮಳೆ ಇಟ್ಟುಕೊಂಡು 'ಮಹೋನಿ ಕೋಷ್ಟಕ' ತುಂಬಿದೆ. ಇದು ಕಂಪ್ಯೂಟರ್ ಬೇಡದ, ಪೆನ್ನು–ಕಾಗದದ ಲೆಕ್ಕ. ಪ್ರತಿ ತಿಂಗಳು ಹಗಲೆಷ್ಟು ಬಿಸಿ, ರಾತ್ರಿಯೆಷ್ಟು ತಂಪು, ಗಾಳಿಯಲ್ಲಿ ತೇವ ಎಷ್ಟು ಅಂತ ಬರೆಯುತ್ತಾ ಹೋದರೆ, ಕೊನೆಗೆ ಗೋಡೆ ಹೇಗಿರಬೇಕು, ಕಿಟಕಿ ಎಷ್ಟಿರಬೇಕು, ಮನೆ ಯಾವ ದಿಕ್ಕಿಗಿರಬೇಕು ಅಂತ ಅದೇ ಹೇಳುತ್ತೆ. ಗಾಳಿ ಒಣಗಿದ್ದು, ಹಗಲು–ರಾತ್ರಿಯ ಉಷ್ಣಾಂಶದ ಅಂತರ 10 ಡಿಗ್ರಿಗಿಂತ ಹೆಚ್ಚಿರುವ ತಿಂಗಳು ವರ್ಷದಲ್ಲಿ ಮೂರಾದರೂ ಇದ್ದರೆ, ಕೋಷ್ಟಕದ ಉತ್ತರ: ಭಾರದ ಗೋಡೆ ಕಟ್ಟಿ. ಹಗಲಿನ ಬಿಸಿಯನ್ನು ಗೋಡೆ ಹೀರಿಕೊಂಡು ನಿಧಾನಕ್ಕೆ ಒಳಗೆ ಬಿಡಲಿ. ಅಷ್ಟೊತ್ತಿಗೆ ರಾತ್ರಿಯಾಗಿ ಹೊರಗೆ ತಂಪಾಗಿರುತ್ತೆ. ನಮ್ಮೂರಿಗೆ ಜನವರಿಯಿಂದ ಏಪ್ರಿಲ್‌ವರೆಗೇ ಆ ಲೆಕ್ಕ ತುಂಬಿತು. ಅರಸೀಕೆರೆ ದಾಟುವ ಹೊತ್ತಿಗೆ ನನ್ನ ಕಾಗದದ ಮೇಲೆ ಮುತ್ತಜ್ಜನ ಗೋಡೆ ಎದ್ದು ನಿಂತಿತ್ತು.

ಈ ಕೋಷ್ಟಕ ಎಲ್ಲಿಂದ ಬಂತು ಅನ್ನೋದರ ಹಿಂದೆ ನಮ್ಮ ನಾಡಿನದೇ ಒಂದು ಕಥೆ ಇದೆ.

1939ರಲ್ಲಿ ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬ ಯುವ ವಾಸ್ತುಶಿಲ್ಪಿ ಮೈಸೂರು ಸಂಸ್ಥಾನಕ್ಕೆ ಬಂದ. ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟು, ಈಜಿಪ್ಟಿನಲ್ಲಿ ಹಳೆಯ ಕಟ್ಟಡಗಳ ಅಧ್ಯಯನ ಮಾಡಿಕೊಂಡಿದ್ದ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವನ ಸೋದರಮಾವ. ಆತ ಅದಕ್ಕೂ ಮೊದಲೇ, 1935–36ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಕೆಲವು ತಿಂಗಳು ಇದ್ದು ಹೋಗಿದ್ದ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಈ ನಿರಾಶ್ರಿತನನ್ನು ಮುಖ್ಯ ವಾಸ್ತುಶಿಲ್ಪಿ ಮಾಡಿತು. ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ವಿಭಾಗದ ಕಟ್ಟಡ ಅವನದು. ನಮ್ಮ ಪಕ್ಕದ ಭದ್ರಾವತಿಗೂ ಅವನೊಂದು ನಗರ ಯೋಜನೆ ಹಾಕಿದ. ದಾವಣಗೆರೆಯೂ ಹರಿಹರವೂ ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಮೈಸೂರು ಸಂಸ್ಥಾನದ ಊರುಗಳೇ.

ಯುರೋಪಿನಲ್ಲಿ ಬಿಸಿಲು ಬೇಕು ಅಂತ ಕಟ್ಟಡ ಕಟ್ಟೋದನ್ನು ಕಲಿತವನು, ಇಲ್ಲಿ ಬಿಸಿಲು ಬೇಡ ಅಂತ ಕಟ್ಟೋದನ್ನು ಕಲಿಯಬೇಕಾಯಿತು. ಸ್ವಾತಂತ್ರ್ಯದ ನಂತರ, 1948ರಲ್ಲಿ, ಕೇಂದ್ರ ಸರ್ಕಾರದ ವಸತಿ ನಿರ್ದೇಶಕನಾಗಿ ದೆಹಲಿಗೆ ಹೋದ. ವಿಭಜನೆಯಲ್ಲಿ ಮನೆ ಕಳೆದುಕೊಂಡವರಿಗೆ ಬೇಗ ಬೇಗ ಮನೆ ಬೇಕಿತ್ತು. ಗೋಡೆಯ ಫಲಕಗಳನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿ ಜೋಡಿಸುವ ವಿದೇಶಿ ತಂತ್ರವನ್ನು ತಂದು ದೆಹಲಿಯಲ್ಲಿ ಒಂದು ಮನೆ ಕಾರ್ಖಾನೆಯನ್ನೇ ಹಾಕಿದರು. ಆ ಯೋಜನೆ ಸೋತಿತು, ಬೇಕಾದಷ್ಟು ಟೀಕೆಯೂ ಬಂತು. 1951ರಲ್ಲಿ ಅವನು ಲಂಡನ್‌ಗೆ ಹೋದ. ಅದೇ 1951ರಲ್ಲಿ ದಾವಣಗೆರೆಯಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಶುರುವಾಯಿತು.

ಲಂಡನ್‌ನಲ್ಲಿ ಅವನು ಬಿಸಿಲ ನಾಡುಗಳ ವಾಸ್ತುಶಿಲ್ಪ ಕಲಿಸುವ ವಿಭಾಗವನ್ನು ಬೆಳೆಸಿದ. ಆಫ್ರಿಕಾ, ಏಷ್ಯಾದ ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ಕಾರ್ಲ್ ಮಹೋನಿ ಮತ್ತು ಮಾರ್ಟಿನ್ ಇವಾನ್ಸ್ ಜೊತೆ ಸೇರಿ ರೂಪಿಸಿದ ಆ ಕೋಷ್ಟಕವನ್ನು 1971ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿತು. ಬಿಸಿಲ ನಾಡಿನ ಮನೆಗಳ ಬಗ್ಗೆ ಅವನು ಸಹಲೇಖಕರೊಂದಿಗೆ ಬರೆದ ಕೈಪಿಡಿ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಪಠ್ಯವಾಯಿತು. ನಮ್ಮ ಬಯಲುಸೀಮೆಯ ಬಿಸಿಲು ಲಂಡನ್‌ಗೆ ಹೋಗಿ, ಪುಸ್ತಕವಾಗಿ ವಾಪಸ್ ಬಂತು. ನಮ್ಮ ತಲೆಮಾರಿನ ಎಂಜಿನಿಯರ್‌ಗಳು ಅದನ್ನು ಹೊರಗಿನ ಜ್ಞಾನ ಅಂದುಕೊಂಡು ಓದಿದೆವು.

ಬೆಳಗ್ಗೆ ಮನೆ ತಲುಪಿದೆ. ಬೆಣ್ಣೆ ದೋಸೆ ಕಟ್ಟಿಸಿಕೊಂಡೇ ಹೋಗಿದ್ದೆ. ಚಿಕ್ಕಮ್ಮ ಜಗುಲಿ ಮೇಲೆ ಕೂತು ಸೊಂಟಕ್ಕೆ ಮುಲಾಮು ಹಚ್ಚಿಕೊಳ್ತಿದ್ದರು. ಅವರ ಮಗ, ನನ್ನ ತಮ್ಮ, ಬಿಲ್ಡರ್ ಕೊಟ್ಟ ಪ್ಲಾನ್ ಹರಡಿದ. ಕೆಳಗೆ ನಾಲ್ಕು ಅಂಗಡಿ, ಮೇಲೆ ಎರಡು ಮಹಡಿ, ಪೂರ್ತಿ ಆರ್‌ಸಿಸಿ ಕಂಬದ ಕಟ್ಟಡ. ಊರು ಸ್ಮಾರ್ಟ್ ಸಿಟಿ ಆದ ಮೇಲೆ ಅಂಗಡಿ ಬಾಡಿಗೆ ಚೆನ್ನಾಗಿ ಬರುತ್ತೆ ಅನ್ನೋದು ಅವನ ವಾದ. ಮೊಬೈಲ್ ಅಂಗಡಿ ಇಟ್ಟುಕೊಂಡು ಸಂಸಾರ ತೂಗಿಸೋನಿಗೆ ಬಾಡಿಗೆ ದುಡ್ಡು ಬೇಡ ಅನ್ನೋಕೆ ನಾನ್ಯಾರು?

ಆದರೂ ನನ್ನ ಕಸುಬು ಬಿಡಬೇಕಲ್ಲ. ಲೆಕ್ಕ ತೆಗೆದೆ.

1974ರಲ್ಲಿ ಅಮೂಲ್ಯ ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡೋದು ಅದರ ಉದ್ದೇಶ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಮಣ್ಣಿನ ಗೋಡೆಯನ್ನು ಪ್ರಯೋಗಶಾಲೆಗೆ ತಂದರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೇ ಇಟ್ಟಿಗೆ ಮಾಡೋದು. ಕೈಯಿಂದ ಒತ್ತುವ ಇಂಥ ಯಂತ್ರಗಳ ಹಿರಿಯಣ್ಣ ಹುಟ್ಟಿದ್ದು 1950ರ ದಶಕದಲ್ಲಿ, ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ. ಬೊಗೋಟಾ ನಗರದ ವಸತಿ ಸಂಶೋಧನಾ ಕೇಂದ್ರದಲ್ಲಿ ರೌಲ್ ರಾಮಿರೆಜ್ ಎಂಬ ಎಂಜಿನಿಯರ್ ಮಾಡಿದ 'ಸಿನ್ವಾ ರ‍್ಯಾಮ್' ಅದು. ನಮ್ಮವರು ತಮ್ಮದೇ ಯಂತ್ರ ಮಾಡಿ ಅದಕ್ಕೆ 'ಅಸ್ತ್ರಂ' ಅಂತ ಹೆಸರಿಟ್ಟರು.

ಯಂತ್ರಕ್ಕಿಂತ ಮುಖ್ಯವಾದದ್ದು ಮಣ್ಣಿನ ಪರೀಕ್ಷೆ. ಎಲ್ಲ ಮಣ್ಣೂ ಇದಕ್ಕೆ ಆಗಲ್ಲ. ಮರಳಿನ ಅಂಶ ಹೆಚ್ಚಿರೋ ಕೆಂಪು ಮಣ್ಣು ಒಳ್ಳೆಯದು. ನಮ್ಮೂರಿಗೆ ಹತ್ತಿ ಕೊಟ್ಟ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಾಯಿ ಬಿಡುತ್ತೆ, ಗೋಡೆಗೆ ಒಗ್ಗಲ್ಲ. ಮುತ್ತಜ್ಜನ ಮೇಸ್ತ್ರಿಗೂ ಇದು ಗೊತ್ತಿತ್ತು ಅನ್ನೋದಕ್ಕೆ ನಮ್ಮ ಗೋಡೆಯ ಕೆಂಪು ಬಣ್ಣವೇ ಸಾಕ್ಷಿ.

ಈ ಇಬ್ಬರು ವಿಜ್ಞಾನಿಗಳು 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಚದರ ಮೀಟರ್ ಮನೆ ಕಟ್ಟೋಕೆ, ಸಿಮೆಂಟ್ ಸುಡೋದರಿಂದ ಹಿಡಿದು ಕಬ್ಬಿಣ ಕರಗಿಸೋವರೆಗೆ, ಒಟ್ಟು ಎಷ್ಟು ಶಕ್ತಿ ಖರ್ಚಾಗುತ್ತೆ ಅನ್ನೋ ಲೆಕ್ಕ ಅದು. ಅವರು ಅಳೆದ ಕಟ್ಟಡಗಳಲ್ಲಿ ಬಹುಮಹಡಿ ಆರ್‌ಸಿಸಿ ಕಂಬದ ಕಟ್ಟಡಕ್ಕೆ 4.21 ಗಿಗಾಜೂಲ್, ಸುಟ್ಟ ಇಟ್ಟಿಗೆಯ ಎರಡಂತಸ್ತಿನ ಮನೆಗೆ 2.92, ಒತ್ತಿದ ಮಣ್ಣಿನ ಇಟ್ಟಿಗೆಯ ಎರಡಂತಸ್ತಿನ ಮನೆಗೆ 1.61. ಜಗತ್ತಿನ ಮೂಲೆ ಮೂಲೆಯ ಸಂಶೋಧಕರು ಇವತ್ತಿಗೂ ಈ ಅಂಕಿಗಳನ್ನು ಉಲ್ಲೇಖಿಸ್ತಾರೆ. 2018ರಲ್ಲಿ ಮಣ್ಣಿನ ಕಟ್ಟಡಗಳ ಅಂತಾರಾಷ್ಟ್ರೀಯ ವಿಚಾರ ಸಂಕಿರಣ ನಡೆದದ್ದೂ ಬೆಂಗಳೂರಿನಲ್ಲೇ. ಅಲ್ಲಿನ ಪ್ರಬಂಧಗಳ ಸಂಪುಟವನ್ನು ವಿಜ್ಞಾನ ಸಂಸ್ಥೆಯ ಇಬ್ಬರು ಪ್ರಾಧ್ಯಾಪಕರು, ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಪೀಟ್ ವಾಕರ್ ಸೇರಿ ಸಂಪಾದಿಸಿದರು.

ಇದನ್ನೆಲ್ಲ ಉತ್ಸಾಹದಿಂದ ಹೇಳಿ, "ನಮ್ಮ ಮನೆ ಕೆಡವಿದರೆ ಇರೋ ಸೊನ್ನೆ ಖರ್ಚನ್ನು ನಾಲ್ಕು ಗಿಗಾಜೂಲ್‌ಗೆ ಏರಿಸಿದ ಹಾಗೆ" ಅಂದೆ. ತಮ್ಮ ಮುಖ ಕೆಳಗೆ ಹಾಕಿದ. ಚಿಕ್ಕಮ್ಮ ಮಾತ್ರ ದೋಸೆ ಮುರೀತಾ ಕೇಳಿದರು:

"ಅಸ್ತ್ರ ಅಂದ್ಯಲ್ಲ, ಅಸ್ತ್ರ ಒಲೆ ಮಾಡಿದ್ದೋರೇನು?"

ಹೌದು ಅಂದೆ. ಹೊಗೆ ಕೊಳವೆಯಿಟ್ಟು, ಕಡಿಮೆ ಸೌದೆಯಲ್ಲಿ ಅಡುಗೆಯಾಗೋ ಹಾಗೆ ಮಾಡಿದ ಆ ಒಲೆ 1980ರ ದಶಕದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿ ಸೇರಿತ್ತು. ಚಿಕ್ಕಮ್ಮನ ತವರಲ್ಲೂ ಹಾಕಿಸಿದ್ದರಂತೆ.

"ನಮ್ಮವ್ವನ ಕಣ್ಣುರಿ ಕಮ್ಮಿಯಾಗಿತ್ತು ನೋಡು. ಅವರು ಅವ್ವನ ಕಣ್ಣು ನೋಡಿ ಒಲೆ ಮಾಡಿದ್ರು. ನೀನು ಗೋಡೆ ಒಂದೇ ನೋಡ್ತಿದ್ದೀಯ. ವರ್ಷಾ ಮುಂಗಾರಿಗೆ ಮುಂಚೆ ಮಾಳಿಗೆ ಹತ್ತಿ ಮಣ್ಣು ಹಾಕಿಸಬೇಕು. ಮಣ್ಣು ಸಿಗಲ್ಲ, ಆಳು ಸಿಗಲ್ಲ. ಮಳೆ ಬಂದ ರಾತ್ರಿ ಎದ್ದು ಬಕೆಟ್ ಇಡೋಳು ನಾನು. ನೀನು ಎರಡು ದಿನ ಬಂದು ತಂಪಾಗಿ ಮಲಗಿ ಹೋಗ್ತೀಯ. ನಿನ್ನ ಲೆಕ್ಕದಾಗೆ ನನ್ನ ಸೊಂಟ ಎಲ್ಲೈತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಪ್ರಶ್ನೆಯನ್ನು ಅಸ್ತ್ರದವರು ಆಗಲೇ ಕೇಳಿಕೊಂಡಿದ್ದರು ಅನ್ನೋದು ಆ ರಾತ್ರಿ ಹೊಳೆಯಿತು. 1970ರ ದಶಕದ ಕೊನೆಗೆ, ಕುಣಿಗಲ್ ತಾಲ್ಲೂಕಿನ ಉಂಗ್ರದ ಆಸುಪಾಸಿನ ಆರು ಹಳ್ಳಿಗಳಲ್ಲಿ ಅವರೊಂದು ಸಮೀಕ್ಷೆ ಮಾಡಿದರು. ಶಕ್ತಿಯ ಸಮೀಕ್ಷೆ ಅಂದರೆ ಕರೆಂಟು, ಸೀಮೆಎಣ್ಣೆ ಅಷ್ಟೇ ಅಲ್ಲ; ಸೌದೆ ಆರಿಸೋಕೆ, ನೀರು ಹೊರೋಕೆ, ಅಡುಗೆಗೆ, ದನ ಮೇಯಿಸೋಕೆ ಹೆಂಗಸರು, ಗಂಡಸರು, ಮಕ್ಕಳು ಕೊಡೋ ಗಂಟೆಗಳನ್ನೂ ಎಣಿಸಿದರು. ಹಳ್ಳಿಯ ಶಕ್ತಿಯ ಲೆಕ್ಕದಲ್ಲಿ ಹೆಣ್ಣಿನ ದುಡಿಮೆಯೂ ಒಂದು ಕಾಲಂ ಆಯಿತು. ನಾನು ದಿನಾ ತುಂಬೋ ಸ್ಪ್ರೆಡ್‌ಶೀಟಿನಲ್ಲಿ ಸಿಮೆಂಟಿಗೊಂದು, ಸ್ಟೀಲಿಗೊಂದು, ಗಾಜಿಗೊಂದು ಕಾಲಂ ಇದೆ. ಕಟ್ಟಡವನ್ನು ಕಾಪಾಡಿಕೊಂಡು ಬರೋರ ಗಂಟೆಗಳಿಗೆ ಒಂದೂ ಇಲ್ಲ.

ಊರಿನ ಲೆಕ್ಕವೂ ಹೀಗೆಯೇ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿ ಬಂದಾಗ ಕರ್ನಾಟಕದಿಂದ ಬೆಳಗಾವಿ ಜೊತೆ ನಮ್ಮ ದಾವಣಗೆರೆಯೂ ಇತ್ತು. ಮಂಡಕ್ಕಿ ಭಟ್ಟಿ ಪ್ರದೇಶವನ್ನು ಸುಧಾರಿಸೋದು ಆ ಯೋಜನೆಯ ಒಂದು ಭಾಗ. ಮಂಡಕ್ಕಿ–ಮೆಣಸಿನಕಾಯಿ ಇಲ್ಲದ ಸಂಜೆ ನಮ್ಮೂರಿಗೆ ಇಲ್ಲ. ಆ ಮಂಡಕ್ಕಿ ಹುರಿಯೋ ಭಟ್ಟಿಗಳ ಹೊಗೆ ನುಂಗೋರು ಬೇರೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗೆ ನೀರಿನ 'ಜಲಸಿರಿ' ಯೋಜನೆ ಬಂತು. ಕಡತದಲ್ಲಿ ಇವಕ್ಕೆಲ್ಲ ಪೈಪಿನ ಉದ್ದ ಇರುತ್ತೆ, ರಸ್ತೆಯ ಅಗಲ ಇರುತ್ತೆ. ಭಟ್ಟಿಯ ಮುಂದೆ ನಿಂತವನ ಎದೆಗೂಡು, ನಲ್ಲಿ ಮುಂದೆ ಕಾದವಳ ಗಂಟೆಗಳನ್ನು ಯಾರಾದರೂ ಕೂತು ಎಣಿಸಬೇಕು. ಹೊರದೇಶದ ತಜ್ಞ ಬಂದರೂ ಅಷ್ಟೇ, ಬೆಂಗಳೂರಿನ ನಾನು ಬಂದರೂ ಅಷ್ಟೇ.

ಮಾರನೇ ದಿನ ದೊಡ್ಡಪ್ಪನ ಸೈನ್‌ಗಾಗಿ ಹರಿಹರಕ್ಕೆ ಹೋದೆವು. ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ಮೈಸೂರು ಕಿರ್ಲೋಸ್ಕರ್ ಕಂಪನಿ 1941ರಲ್ಲಿ ಹರಿಹರದಲ್ಲಿ ಶುರುವಾಗಿ, ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿಕೊಟ್ಟಿತು. ಆ ಊರಿನ ಎಷ್ಟೋ ಮನೆಗಳ ಹಾಗೆ ನಮ್ಮ ದೊಡ್ಡಪ್ಪನದೂ ಲೇತ್ ಮೇಲೆ ಸವೆದ ಕೈ.

ಕಾಗದ ಓದಿ, ಮಡಚಿ ಜೇಬಿಗಿಟ್ಟುಕೊಂಡು, "ಹೊಳೆ ಕಡೆ ಹೋಗಿ ಬರಾಣ ನಡೀರಿ" ಅಂದರು. ದಾರಿಯಲ್ಲಿ ಹರಿಹರೇಶ್ವರನ ಗುಡಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. 44 ವರ್ಷ ಬಿಟ್ಟು, 1268ರಲ್ಲಿ, ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದಕ್ಕೇ ಸೇರಿಸಿ ಕಟ್ಟಿಸಿದ. ಗುಡಿ ದಾಟಿ ಹೊಳೆಗೆ ಬಂದರೆ ತುಂಗಭದ್ರೆಯ ಹಳೇ ಸೇತುವೆ. 1868ರಲ್ಲಿ ಮುಗಿದದ್ದು. ಕಲ್ಲು, ಇಟ್ಟಿಗೆಯ 14 ಕಮಾನು. ಒಂದೊಂದೂ 60 ಅಡಿ ಅಗಲ. ಆ ಕಾಲಕ್ಕೆ ಮೂರೂವರೆ ಲಕ್ಷ ರೂಪಾಯಿ ಹತ್ತಿರ ಖರ್ಚಾಗಿತ್ತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗೋ ಹೆದ್ದಾರಿ ಆಗ ಇದರ ಮೇಲೆಯೇ.

ದೊಡ್ಡಪ್ಪ ಕಮಾನು ನೋಡ್ತಾ ತಮ್ಮನನ್ನು ಕೇಳಿದರು: "ಲೇತ್‌ದಾಗೆ ಬೆಡ್ ಅಂತ ಇರ್ತದೆ, ಕೆಳಗಿನ ಬೀಡು. ಗೊತ್ತಾ? ಬೇರಿಂಗ್ ಹೋಗ್ತದೆ, ಗೇರ್ ಸವೀತದೆ, ಮೋಟ್ರು ಸುಡ್ತದೆ. ಅವನ್ನ ಬದಲಾಯಿಸ್ತೀವಿ. ಬೆಡ್ ನೆಟ್ಟಗಿರೋವರೆಗೂ ಯಾರೂ ಮಶೀನ್ ಗುಜರಿಗೆ ಹಾಕಲ್ಲ. ನಿಮ್ಮನೆ ಬೆಡ್ ಯಾವ್ದು?"

"ಗೋಡೆ" ಅಂದೆ ನಾನು.

"ನಿನ್ನ ಕೇಳಲಿಲ್ಲ. ಕೆಟ್ಟಿರೋದು ಯಾವ್ದು?"

"ಮಾಳಿಗೆ" ಅಂದ ತಮ್ಮ.

"ಹಂಗಾದ್ರೆ ಮಾಳಿಗೆ ಬಿಚ್ಚು. ಗೋಡೆ ಯಾಕೆ ಕೆಡವ್ತೀಯ?" ಅಂತ ಕಾಗದವನ್ನು ಸೈನ್ ಹಾಕದೆ ಅವನ ಕೈಗೇ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅವನ ಅಂಗಡಿಗೆ ಜಾಗ ಮಾಡೋದು, ಅವಳ ಬಕೆಟ್ ತಪ್ಪಿಸೋದು, ಎರಡೂ ನಿನ್ನ ಕೆಲಸ. ಓದಿದೋಳು ನೀನೇ ಅಲ್ವಾ" ಅಂದರು.

ಒಂದೂವರೆ ತಿಂಗಳು ನನ್ನ ಶನಿವಾರ–ಭಾನುವಾರಗಳು ದಾವಣಗೆರೆಗೆ ಹೋದವು. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಗೋಡೆ ಪರೀಕ್ಷೆ ಮಾಡಿದರು. ಗೋಡೆ ಗಟ್ಟಿ. ತೊಂದರೆ ಮೇಲಿನ ಹೊರೆಯದು: ವರ್ಷ ವರ್ಷ ಹಾಕಿದ ಮಣ್ಣು ಪದರ ಪದರವಾಗಿ ಕೂತು ತೊಲೆಗಳನ್ನು ಬಗ್ಗಿಸಿತ್ತು. ಆ ಮಣ್ಣನ್ನೆಲ್ಲ ಇಳಿಸಿದೆವು. ಗೆದ್ದಲು ತಿಂದ ಜಂತೆ ಬದಲಾಯಿಸಿದೆವು. ಚಿತ್ರದುರ್ಗದ ಕಡೆಯ ಇಬ್ಬರು ವಯಸ್ಸಾದ ಮೇಸ್ತ್ರಿಗಳು ಸಿಕ್ಕರು. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸೋ ಮದ್ರಾಸ್ ತಾರಸಿ ಅವರ ಕೈಗೆ ಗೊತ್ತಿತ್ತು. ಗವಾಕ್ಷಿಗೆ ಗಾಜು ಹಾಕಿಸಿದೆವು. ಕೊಟ್ಟಿಗೆ ಪೂರ್ತಿ ಕೆಡವಿ, ಅಲ್ಲಿ ರಸ್ತೆಗೆ ಮುಖ ಮಾಡಿದ ಎರಡು ಅಂಗಡಿ ಎದ್ದವು. ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ನನ್ನ ಸ್ಪ್ರೆಡ್‌ಶೀಟ್‌ಗೆ ಅದು ಹಿಡಿಸಲಿಲ್ಲ. ತಮ್ಮನಿಗೆ ನಾಲ್ಕರ ಬದಲು ಎರಡೇ ಬಾಡಿಗೆ. ಅವನಿಗೂ ಪೂರ್ತಿ ಹಿಡಿಸಿಲ್ಲ. ಖರ್ಚಿನಲ್ಲಿ ನನ್ನ ಪಾಲು ಅಂತ ಎರಡು ವರ್ಷದ ಇಎಂಐ ನನ್ನ ತಲೆ ಮೇಲಿದೆ. ಹಳೇ ಮನೆ ಉಳಿಸೋ ಪುಣ್ಯ ಕಟ್ಟಿಕೊಳ್ಳೋಕೆ ಹೊರಟವರು ಇದನ್ನೂ ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು.

ಆಫೀಸಿನ ಕಾಲ್‌ನಲ್ಲಿ ಇಂಗ್ಲೆಂಡಿನವರಿಗೆ ಇದನ್ನೆಲ್ಲ ಹೇಳಿದೆ. ನಮ್ಮ ಸ್ಪ್ರೆಡ್‌ಶೀಟಿಗೆ ಇನ್ನೊಂದು ಕಾಲಂ ಬೇಕು ಅಂದೆ: ಈ ಕಟ್ಟಡವನ್ನು ಕಾಪಾಡೋರು ಯಾರು, ವರ್ಷಕ್ಕೆ ಎಷ್ಟು ಗಂಟೆ. ಯಾವ ಯೂನಿಟ್‌ನಲ್ಲಿ ಅಳೆಯೋದು ಅಂತ ಅವರು ಕೇಳಿದರು. ಉಂಗ್ರದ ಸಮೀಕ್ಷೆಯ ಪ್ರಬಂಧ ಕಳಿಸಿಕೊಟ್ಟೆ. ಚರ್ಚೆ ಇನ್ನೂ ನಡೀತಿದೆ.

ಜೂನ್‌ನಲ್ಲಿ ಮುಂಗಾರು ಹಿಡಿದ ಮಾರನೇ ಬೆಳಗ್ಗೆ ಚಿಕ್ಕಮ್ಮನ ಫೋನ್ ಬಂತು.

"ರಾತ್ರಿಯೆಲ್ಲ ಸುರಿದೈತೆ ಕಣವ್ವ. ಬಕೆಟ್ ಇಡ್ಲಿಲ್ಲ. ಎಚ್ಚರಾನೂ ಆಗ್ಲಿಲ್ಲ."

ನಾನು ಏನೋ ಹೇಳೋಕೆ ಹೊರಟೆ. ಅಷ್ಟರಲ್ಲಿ ಅವರೇ ಅಂದರು: "ಪಡಸಾಲೆ ಮೂಲೇಲಿ ಸ್ವಲ್ಪ ಒದ್ದೆ ಕಾಣ್ತೈತೆ. ಆ ದುರ್ಗದ ಮೇಸ್ತ್ರಿಗೆ ಒಂದು ಫೋನ್ ಮಾಡು."